ಪೆಟ್ಟಿಗೆಯೊಳಗಿನ ಗದ್ದಲ

ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳ ಸದ್ದಿಲ್ಲದ ಬೀದಿ ಹುಡುಕುವುದು ಕಷ್ಟ. ಅಂಥ ಊರಲ್ಲಿ ಮನೆಯ ಮೂಲೆಯಲ್ಲೊಂದು ಸಿಎನ್‌ಸಿ ರೂಟರ್ ತಂದಿಟ್ಟುಕೊಂಡವರನ್ನು ಕಾಡುವುದು ಮಾತ್ರ ಕಿವಿಗೆ ಕೇಳದ ವಿದ್ಯುತ್ ಗದ್ದಲ. ನಾಮಫಲಕದ ಮೂರನೇ ಅಕ್ಷರ ಕೊರೆಯುತ್ತಿರುವಾಗ ಯಂತ್ರ ಗಕ್ಕನೆ ನಿಲ್ಲುತ್ತದೆ. ನಿಯಂತ್ರಕ ಜಿಆರ್‌ಬಿಎಲ್ ಆಗಿದ್ದರೆ ಪರದೆಯ ಮೇಲೆ ‘ಅಲಾರಂ 1’. ಅಂಚು ಕಾಯುವ ಲಿಮಿಟ್ ಸ್ವಿಚ್ ಒತ್ತಿದೆಯಂತೆ! ನೋಡಿದರೆ ಸ್ವಿಚ್ ಇನ್ನೂ ಒಂದು ಗೇಣು ದೂರ.

ಮೊದಲ ಆರೋಪಿ ಪಕ್ಕದ ಮನೆಯ ಮಗ್ಗ, ಎರಡನೆಯದು ಕರೆಂಟು. ದೇವನಹಳ್ಳಿ ಕಡೆಯ ವಿಮಾನವನ್ನೂ ಕೆಲವರು ಬಿಡುವುದಿಲ್ಲ. ಕಳ್ಳ ಬಹುಪಾಲು ಯಂತ್ರದ ನಿಯಂತ್ರಣ ಪೆಟ್ಟಿಗೆಯೊಳಗೇ ಕೂತಿರುತ್ತಾನೆ: ಸ್ಪಿಂಡಲ್ ತಿರುಗಿಸುವ ವಿಎಫ್‌ಡಿ. ಸೆಕೆಂಡಿಗೆ ಸಾವಿರಾರು ಬಾರಿ ವೋಲ್ಟೇಜನ್ನು ಕತ್ತರಿಸಿ ಮೋಟಾರಿಗೆ ಕೊಡುವುದೇ ಅದರ ಕೆಲಸ. ಪಕ್ಕದಲ್ಲೇ ಹಾದ 5 ವೋಲ್ಟಿನ ಸಿಗ್ನಲ್ ತಂತಿಗೂ ಆ ಏಟು ತಗಲುತ್ತದೆ. ಮೋಟಾರಿನ ತಂತಿ, ಸಿಗ್ನಲ್ ತಂತಿ ಎರಡನ್ನೂ ಒಂದೇ ಟೈಯಲ್ಲಿ ಬಿಗಿದು, ‘ಎಷ್ಟು ನೀಟಾಗಿದೆ ನೋಡಿ’ ಎಂದು ಫೋಟೊ ತೆಗೆದವರ ಗೋಳು ಹೆಚ್ಚು.

ವಿಎಫ್‌ಡಿ ಪೂರ್ತಿ ಆಫ್ ಮಾಡಿ, ಅದೇ ಪ್ರೋಗ್ರಾಂ ಗಾಳಿಯಲ್ಲೇ ಓಡಿಸಿದಾಗ ಅಲಾರಂ ಬಾರದಿದ್ದರೆ ಅರ್ಧ ಪತ್ತೇದಾರಿ ಮುಗಿಯಿತು. ಉಳಿದದ್ದು ತಂತಿಗಳನ್ನು ದೂರ ಮಾಡುವುದು, ಲಿಮಿಟ್ ಇನ್‌ಪುಟ್‌ಗೊಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುವುದು.

ಅಷ್ಟರಲ್ಲಿ ಊರಿನ ಹಳೇ ಎಲೆಕ್ಟ್ರಿಷಿಯನ್ ಬಂದು, ‘ಅರ್ತ್ ಗುಂಡಿಗೆ ನೀರು ಹಾಕಿದ್ರಾ ಸಾರ್?’ ಎನ್ನುತ್ತಾರೆ. ನಗುವಂತಿಲ್ಲ. ಉಪ್ಪು, ಇದ್ದಿಲು ತುಂಬಿದ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಅರ್ತ್ ಬರೀ ಹೆಸರಿಗೆ. ಆದರೆ ಆ ನೀರು ಶಾಕ್ ತಪ್ಪಿಸಲಿಕ್ಕೆ. ಗದ್ದಲ ತಗ್ಗಬೇಕಾದರೆ ಮೋಟಾರಿಗೆ ಶೀಲ್ಡ್ ಕೇಬಲ್ ಎಳೆದು, ಶೀಲ್ಡನ್ನು ವಿಎಫ್‌ಡಿಯ ಅರ್ತ್ ಟರ್ಮಿನಲ್‌ಗೇ ಕಚ್ಚಿಸಬೇಕು.