ಪ್ರಾರ್ಥನೆಯೊಂದಿಗೆ ಆರಂಭವಾಯಿತು

ಊಟದ ಕೊನೆಗೆ ಮಜ್ಜಿಗೆ ಬಂದ ಹಾಗೆ ನನ್ನ ವರದಿಗಳ ಕೊನೆಗೆ ‘ಇದೇ ಸಂದರ್ಭದಲ್ಲಿ ಸಾಧಕರನ್ನು ಸನ್ಮಾನಿಸಲಾಯಿತು’ ಎಂಬ ವಾಕ್ಯ ಬಂದೇ ಬರುತ್ತದೆ. ಖಾನಾಪುರ ತಾಲೂಕಿನ ಬಿಡಿ ಸುದ್ದಿಗಾರನಾಗಿ ಮೂವತ್ತು ವರ್ಷ ಕಳೆದೆ. ನಿವೃತ್ತ ಪೋಸ್ಟ್‌ಮನ್, ಕುಸ್ತಿ ಪೈಲ್ವಾನ, ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೆ ಮೊದಲು ಬಂದ ಹುಡುಗಿ, ಎಲ್ಲರನ್ನೂ ಸನ್ಮಾನಿಸಿ ಕವರಿನೊಳಗೆ ಹಾಕಿ ಬಸ್ ಕಂಡಕ್ಟರನ ಕೈಯಲ್ಲಿ ಬೆಳಗಾವಿಗೆ ಕಳಿಸಿದ್ದೇನೆ. ಕರ್ಮಣಿ ಪ್ರಯೋಗದಲ್ಲಿ ಒಂದು ಸುಖವಿದೆ. ಸನ್ಮಾನಿಸಿದವರು ಯಾರು, ದುಡ್ಡು ಹಾಕಿದವರು ಯಾರು ಎಂಬ ಜಗಳಕ್ಕೆ ಅದು ಜಾಗವನ್ನೇ ಕೊಡುವುದಿಲ್ಲ.

ಆದ್ದರಿಂದ ಜೂನ್ ಕೊನೆಯಲ್ಲಿ ಒಂದು ಕಾಲೇಜಿನ ಪ್ರಿನ್ಸಿಪಾಲರು ಫೋನ್ ಮಾಡಿ, “ಸರ, ಈ ಸಲ ಶೈಕ್ಷಣಿಕ ವರ್ಷದ ಉದ್ಘಾಟನೆಗೆ ಮಾಧ್ಯಮದವರನ್ನ ಮತ್ತ ಸಂಗೀತದವರನ್ನ ಸತ್ಕಾರ ಮಾಡೂದಂತ ಠರಾವ ಆಗೈತ್ರಿ” ಅಂದಾಗ ನಾನು ಅಭ್ಯಾಸಬಲದಿಂದ ಪೆನ್ನು ತೆಗೆದು, “ಯಾರ್‍ಯಾರಿಗ್ರಿ? ಹೆಸರು ಸಾವಕಾಶ ಹೇಳ್ರಿ” ಅಂದೆ. ಅವರು ಸಾವಕಾಶವಾಗಿಯೇ ನನ್ನ ಹೆಸರು ಹೇಳಿದರು. ಅರ್ಧ ಬರೆದ ಮೇಲೆ ಅದು ಪರಿಚಯದ ಹೆಸರು ಅನ್ನಿಸಿತು.

ಮಾಧ್ಯಮಕ್ಕೂ ಸಂಗೀತಕ್ಕೂ ಗಂಟು ಬಿದ್ದದ್ದು ಹೇಗೆಂದು ಕೇಳಿದೆ. ಕಾರಣ ಪಂಚಾಂಗದಲ್ಲಿತ್ತು. ಜೂನ್ 21 ವಿಶ್ವ ಸಂಗೀತ ದಿನ. 1982ರಲ್ಲಿ ಫ್ರಾನ್ಸಿನವರು ಶುರು ಮಾಡಿದ್ದು. ಆದರೆ 2015ರಿಂದ ಅದೇ ತಾರೀಖಿಗೆ ಅಂತರರಾಷ್ಟ್ರೀಯ ಯೋಗ ದಿನವೂ ಬಂದು ಕೂತಿದೆ. ಯೋಗಕ್ಕೆ ಸುತ್ತೋಲೆ ಬರುತ್ತದೆ, ಫೋಟೊ ಕಳಿಸಬೇಕಾಗುತ್ತದೆ. ಸಂಗೀತಕ್ಕೆ ಅಂಥ ಕಾಟವಿಲ್ಲ. ಹೀಗಾಗಿ ಸಂಗೀತವನ್ನು ಹತ್ತು ದಿನ ಮುಂದೆ ತಳ್ಳಿ, ಜುಲೈ 1ರ ಪತ್ರಿಕಾ ದಿನದ ಜೊತೆ ಕಟ್ಟಿ, ಎರಡನ್ನೂ ಕಾಲೇಜಿನ ಉದ್ಘಾಟನೆಯ ಬಂಡಿಗೆ ಹೂಡಿದ್ದರು. ಒಂದೇ ಪೆಂಡಾಲು, ಒಂದೇ ಚಹಾ, ಮೂರು ಕಾರ್ಯಕ್ರಮ. ಖರ್ಚಿನ ಲೆಕ್ಕದಲ್ಲಿ ಇದಕ್ಕೆ ತಪ್ಪು ಹುಡುಕಲಾರೆ.

ಮನೆಯಲ್ಲಿ ಹೇಳಿದೆ. “ನಿಮಗ ಸತ್ಕಾರ? ಏನಾತ್ರೀ ಅವರಿಗೆ?” ಅಂದಳು ಹೆಂಡತಿ, ನಿಜವಾದ ಕಾಳಜಿಯಿಂದ. ನಮ್ಮೂರು ಗುಂಜಿಯಲ್ಲಿ ಬೇಲಿಯಾಚೆಯ ಆಯಿ ಮರಾಠಿಯವರು. ಅವರೂ ಕೇಳಿಸಿಕೊಂಡು, “ಸತ್ಕಾರ? ಕಶಾಸಾಠೀ?” ಅಂದರು. ಯಾತಕ್ಕಾಗಿ ಎಂದರ್ಥ. ಗಡಿಯ ಊರಿನಲ್ಲಿರುವ ಅನುಕೂಲವಿದು, ಒಂದೇ ಸಂಶಯ ಎರಡು ಭಾಷೆಯಲ್ಲಿ ಬರುತ್ತದೆ.

ಕಾಲೇಜಿನವರು ‘ಸಾಧನೆಗಳ ವಿವರ ಹತ್ತು ಸಾಲಿನಲ್ಲಿ’ ಕೇಳಿದ್ದರು. ಎರಡು ಸಾಲಿಗೇ ಸಾಧನೆ ಮುಗಿದುಹೋಯಿತು. “ಮೂವತ್ತು ವರ್ಷದಾಗ ಒಂದೂ ಛತ್ರಿ ಕಳಕೊಂಡಿಲ್ಲ ಅಂತ ಬರೀರಿ” ಎಂದು ಹೆಂಡತಿ ಸಲಹೆ ಕೊಟ್ಟಳು. ಅದೂ ಸುಳ್ಳೇ. ಮಲಪ್ರಭೆ ಹುಟ್ಟುವ ಕಣಕುಂಬಿ ನಮ್ಮ ತಾಲೂಕಿನದು. ಹೊಳೆ ಹುಟ್ಟಿಸುವಷ್ಟು ಮಳೆ ಬೀಳುವ ಕಡೆ ಛತ್ರಿ ಯಾರೊಬ್ಬರ ಸ್ವತ್ತಾಗಿ ಉಳಿಯುವುದಿಲ್ಲ.

ಸಂಗೀತದ ಪಾಲಿಗೆ ಆರಿಸಿದ್ದು ನಮ್ಮೂರಿನ ಪೇಟಿ ಮಾಸ್ತರರನ್ನು. ಹಾರ್ಮೋನಿಯಮ್ಮಿಗೆ ಈ ಕಡೆ ಪೇಟಿ ಅಂತಲೇ ಹೆಸರು. ಖಾನಾಪುರಕ್ಕೂ ಲೋಂಡಾಕ್ಕೂ ನಡುವೆ ಗುಂಜಿ ಅಂತ ರೈಲು ನಿಲ್ದಾಣವಿದೆಯಲ್ಲ, ಕಿಟಕಿಯಿಂದ ನೋಡಿದವರಿಗೆ ಮರ, ಮಳೆ, ಒಂದು ಹಳದಿ ಬೋರ್ಡು ಬಿಟ್ಟರೆ ಏನೂ ಕಾಣದು. ಆ ಬೋರ್ಡಿನ ಹಿಂದೆ ಮಾವುಲಿ ದೇವಿಯ ಗುಡಿ ಇದೆ, ಭತ್ತದ ಗದ್ದೆಗಳಿವೆ, ಮಾಸ್ತರರೂ ಇದ್ದಾರೆ. ಸುತ್ತಿನ ಹಳ್ಳಿಗಳ ಭಜನೆ, ನಾಟಕ, ಶಾಲೆಯ ಗ್ಯಾದರಿಂಗು ಇವರ ಪೇಟಿಯಿಲ್ಲದೆ ಬಾಯಿ ಬಿಡುವುದಿಲ್ಲ.

ಅವತ್ತು ಬೆಳಿಗ್ಗೆ ನೋಡಿದರೆ ಮಾಸ್ತರರು ಇಸ್ತ್ರಿಯ ಜುಬ್ಬಾ ಹಾಕಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಪೇಟಿಯನ್ನು ಕಂಕುಳಲ್ಲಿ ಹಿಡಿದು ನಿಂತಿದ್ದರು.

“ಸತ್ಕಾರಕ್ಕ ಹೊಂಟವರು ಪೇಟಿ ಯಾಕ್ರೀ ಮಾಸ್ತರ್‍ರ?”

“ಸ್ವಾಗತಗೀತೆಗೆ ಯಾರೂ ಇಲ್ಲಂತ್ರೀ. ಹೆಂಗೂ ಬರ್ತೀರಿ, ಪೇಟಿನೂ ತರ್‍ರಿ ಅಂದ್ರು.”

ನಾನು ನಕ್ಕೆ. ಅಷ್ಟರಲ್ಲಿ ನನ್ನ ಫೋನಿಗೆ ಪ್ರಿನ್ಸಿಪಾಲರ ಸಂದೇಶ ಬಂತು: ‘ಸರ, ಕ್ಯಾಮೆರಾ ತರೂದು ಮರೀಬ್ಯಾಡ್ರಿ. ನಾಳೆ ಪೇಪರಿನ್ಯಾಗ ಬರೂವಂಗ ನೋಡ್ರಿ.’ ಈ ಸಲ ನಕ್ಕವರು ಮಾಸ್ತರರು. ಮದುಮಗನ ಕೈಗೇ ಸಾರಿನ ಬಕೆಟ್ಟು ಕೊಟ್ಟ ಮದುವೆಗೆ ಇಬ್ಬರೂ ಒಂದೇ ಟೆಂಪೋದಲ್ಲಿ ಹೊರಟೆವು. ಪೇಟಿಯ ಒಂದು ಬದಿ ನಾನು ಹಿಡಿದಿದ್ದೆ. ಅದು ಕಾಣುವುದಕ್ಕಿಂತ ಬಹಳ ಭಾರ.

ಸಭಾಂಗಣಕ್ಕೆ ತಗಡಿನ ಚಾವಣಿ. ಬೆಳಗಾವಿ ಸೀಮೆಯಲ್ಲಿ ಅದಕ್ಕೆ ಪತ್ರಾ ಅನ್ನುತ್ತಾರೆ. ಮೇಲೆ ಪತ್ರಾ, ಕೆಳಗೆ ಪತ್ರಕರ್ತ, ನಡುವೆ ಜುಲೈ ತಿಂಗಳ ಮಳೆ. ನಿರೂಪಣೆಯ ಹುಡುಗಿ ಕೂಗಿ ಕೂಗಿ, ಪ್ರಜಾಪ್ರಭುತ್ವದ ನಾಲ್ಕನೆಯ ಅಂಗವೂ ಸಂಗೀತದ ಏಳು ಸ್ವರಗಳೂ ಇಂದು ಒಂದೇ ವೇದಿಕೆಯಲ್ಲಿವೆ ಅಂದಳು. ನಾಲ್ಕು, ಏಳು ಕೂಡಿದರೆ ಹನ್ನೊಂದು. ಕುರ್ಚಿಗಳೂ ಹನ್ನೊಂದೇ ಇದ್ದವು. ಗಣ್ಯರು ಹದಿನಾಲ್ಕು. ಸತ್ಕಾರಮೂರ್ತಿಗಳಾದ ನಾವಿಬ್ಬರು, ಫೋಟೊ ತೆಗೆಯುವವನೂ ಪೇಟಿ ನುಡಿಸುವವನೂ ಹೇಗೂ ಕೂರುವವರಲ್ಲ ಎಂಬ ಧೈರ್ಯದ ಮೇಲೆ, ಮೊದಲಿಗೆ ಲೆಕ್ಕದಿಂದ ಹೊರಗುಳಿದೆವು. ಆಮೇಲೆ ಅಡುಗೆಮನೆಯ ಕಡೆಯಿಂದ ಎರಡು ಸ್ಟೂಲು ಬಂದವು.

ಸ್ವಾಗತಗೀತೆಯ ಹುಡುಗಿಯರು ಐವರು. ಒಬ್ಬಳು ಬಿಳಿ ನಾಲ್ಕರಲ್ಲಿ ಎತ್ತಿಕೊಂಡಳು, ಇಬ್ಬರು ಕಪ್ಪು ಎರಡರಲ್ಲಿ, ಉಳಿದಿಬ್ಬರು ಪೇಟಿ ಮಾಡುವವನು ಇನ್ನೂ ಕಂಡುಹಿಡಿಯದ ಮನೆಯೊಂದರಲ್ಲಿ. ಮಾಸ್ತರರು ಕಣ್ಣು ಮುಚ್ಚಿ, ಎಡಗೈಯಲ್ಲಿ ತಿದಿ ಒತ್ತುತ್ತಾ, ತಪ್ಪಿಸಿಕೊಂಡ ಎಮ್ಮೆಗಳನ್ನು ಕೊಟ್ಟಿಗೆಗೆ ಹೊಡೆದುಕೊಂಡು ಬರುವವರ ಹಾಗೆ ಐದೂ ಕಂಠಗಳನ್ನು ಎರಡನೆಯ ಚರಣದ ಹೊತ್ತಿಗೆ ಒಂದೇ ಶ್ರುತಿಗೆ ತಂದು ನಿಲ್ಲಿಸಿದರು. ಮುಂದೆ ಕೂತವರಿಗೆ ಹುಡುಗಿಯರು ಚೆನ್ನಾಗಿ ಹಾಡಿದರು ಅಂತಷ್ಟೇ ಅನ್ನಿಸಿತು. ಮಳೆಗಾಲದ ತೇವಕ್ಕೆ ಒಂದು ಸ್ವರ ಸಿಕ್ಕಿಕೊಂಡು, ಹಾಡು ಮುಗಿದ ಮೇಲೂ ಕುಂಯ್ ಅನ್ನುತ್ತಲೇ ಇತ್ತು. ಇನ್ನೂ ಒಂದು ಚರಣ ಇದೆಯೆಂದು ತಿಳಿದು ಮುಖ್ಯ ಅತಿಥಿಗಳು ಕೈಮುಗಿದುಕೊಂಡೇ ನಿಂತಿದ್ದರು. ತಿದಿಯ ಗಾಳಿ ಖಾಲಿಯಾಗುವ ತನಕ ಯಾರೂ ಕೂರಲಿಲ್ಲ.

ಮುಖ್ಯ ಅತಿಥಿಗಳ ಭಾಷಣ 1843ರಿಂದ ಶುರುವಾಯಿತು. ಆ ವರ್ಷದ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರು ಸಮಾಚಾರ’ ಹೊರತಂದದ್ದು, ಕಲ್ಲಚ್ಚಿನಲ್ಲಿ ಅದು ಅಚ್ಚಾದದ್ದು, ಕನ್ನಡದ ಮೊದಲ ಪತ್ರಿಕೆ ಅದೇ ಎಂಬುದು ಇವೆಲ್ಲ ಮಳೆಯ ನಡುನಡುವೆ ಕೇಳಿಸಿತು. ಅಲ್ಲಿಂದ ಇವತ್ತಿನವರೆಗೆ ಬರಲು ಅವರಿಗಿನ್ನೂ ನೂರೆಂಬತ್ತು ವರ್ಷ ಬಾಕಿಯಿತ್ತು. ಮಾಸ್ತರರು ಸ್ಟೂಲನ್ನು ನನ್ನತ್ತ ಎಳೆದುಕೊಂಡರು.

“ಬಾತ್ಮೀದಾರ್‍ರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೂವತ್ತ ವರ್ಷ ಆತು ನಿಮ್ಮ ಬಾತ್ಮಿ ಓದ್ತೇನಿ. ಅಧ್ಯಕ್ಷತೆ ವಹಿಸಿದವರ ಹೆಸರು ಇರ್ತೈತಿ. ಸ್ವಾಗತ ಮಾಡಿದವರದು ಇರ್ತೈತಿ. ನಿರೂಪಣೆ ಮಾಡಿದವರದು ಇರ್ತೈತಿ. ಕಡೀಕ ವಂದನಾರ್ಪಣೆ ಮಾಡಿದವಂದೂ ಇರ್ತೈತಿ. ಅವಾ ಹೇಳೂದ್ರಾಗ ಜನ ಎದ್ದ ಚಪ್ಪಲ ಹುಡುಕ್ತಿರ್ತಾರ. ಆದ್ರ ಮೊದಲನೇ ಸಾಲಿನ್ಯಾಗ ನೀವು ಏನ ಬರೀತೀರಿ?”

ನನಗೆ ಗೊತ್ತಿತ್ತು. ‘ಪ್ರಾರ್ಥನೆಯೊಂದಿಗೆ ಕಾರ್ಯಕ್ರಮ ಆರಂಭವಾಯಿತು.’

“ಆ ಪ್ರಾರ್ಥನೆ ನಾನ್ರೀ” ಅಂದರು ಮಾಸ್ತರರು.

ಇಂಥ ಹೊತ್ತಿಗೆ ಪತ್ರಕರ್ತನಾದವನು ಜಾಗದ ಅಭಾವ ಎನ್ನುತ್ತಾನೆ. ನಾನೂ ಅಂದೆ. ನಮಗೆ ಸೆಂಟಿಮೀಟರಿನ ಲೆಕ್ಕದಲ್ಲಿ ಕಾಸು, ಹೆಸರುಗಳನ್ನು ಕತ್ತರಿಸುವವರು ಡೆಸ್ಕಿನವರು, ಹೀಗೆ. ಮಾಸ್ತರರು ಬಿಡಲಿಲ್ಲ. ಪೇಟಿಯವರಿಗೆ ಮಾಧ್ಯಮದ ಮೇಲಿರುವ ಸಿಟ್ಟು ನನಗಿಂತ ಹಳೆಯದು. 1940ರಲ್ಲಿ ಆಕಾಶವಾಣಿಯವರು ಪೇಟಿಯನ್ನು ಸ್ಟುಡಿಯೋದಿಂದಲೇ ಹೊರಗಿಟ್ಟರು. ಅದು ಪರದೇಶದಿಂದ ಬಂದದ್ದು, ಅದರ ಸ್ವರಗಳು ಗೂಟಕ್ಕೆ ಕಟ್ಟಿದಂಥವು, ಒಂದರಿಂದ ಇನ್ನೊಂದಕ್ಕೆ ಮೀಂಡ್ ಎಳೆಯಲು ಬರುವುದಿಲ್ಲ ಎಂಬುದು ತಕರಾರು. ರೇಡಿಯೋ ಅದಕ್ಕಿಂತ ಹೆಚ್ಚು ಪರದೇಶದ್ದು ಎಂದು ಆಕಾಶವಾಣಿಯವರಿಗೆ ಯಾರೂ ನೆನಪಿಸಿದಂತಿಲ್ಲ. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ಗಾಯಕರು ಒಳಗೆ, ಪೇಟಿ ಹೊರಗೆ. ನಿಷೇಧ ಸಡಿಲವಾದದ್ದು 1971ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಬೆರಳುಗಳಿಗೆ ವಯಸ್ಸಾಗಿತ್ತು.

“ನಮ್ಮ ಬೆಳಗಾವಿ ರಾಮಭಾವು ವಿಜಾಪುರೆ ಮಾಸ್ತರ್‍ರನ್ನ ನೋಡ್ರಿ” ಅಂದರು, ಹೆಸರು ಹೇಳುವಾಗ ಕಿವಿ ಮುಟ್ಟಿಕೊಂಡು. “ಎಂಥೆಂಥಾವ್ರಿಗೆ ಸಾಥ್ ಮಾಡ್ಯಾರ!” ನಿಜ. 2010ರಲ್ಲಿ ತೊಂಬತ್ತು ದಾಟಿ ತೀರಿಕೊಳ್ಳುವ ತನಕ ಬೆಳಗಾವಿಯಲ್ಲಿ ಪೇಟಿ ಅಂದರೆ ವಿಜಾಪುರೆ ಮಾಸ್ತರರು. ಹಲವು ತಲೆಮಾರಿನ ಗಾಯಕರ ಪಕ್ಕ ಕೂತವರು. ಗಾಯಕ ಮುಂದಿನ ಸ್ವರಕ್ಕೆ ಹೋಗುವ ಮೊದಲೇ ಅಲ್ಲಿ ಹೋಗಿ ಬಾಗಿಲು ತೆರೆದಿಡಬೇಕು, ಆದರೆ ಒಳಗೆ ಕಾಲಿಡಬಾರದು. ಸಾಥ್ ಅಂದರೆ ಅಷ್ಟು ಎಂದು ನಮ್ಮ ಮಾಸ್ತರರು ಬೆರಳು ಆಡಿಸಿ ತೋರಿಸಿದರು. ಪಕ್ಕದ ಗಣ್ಯರು ಅದನ್ನು ಸೊಳ್ಳೆ ಎಂದು ತಿಳಿದು ಕಾಲು ಮೇಲೆತ್ತಿಕೊಂಡರು.

ಆಮೇಲೆ ಮಾಸ್ತರರು 1924ಕ್ಕೆ ಹೋದರು. ಆ ವರ್ಷ ಏಪ್ರಿಲ್‌ನಲ್ಲಿ ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ ಶಿವಪುತ್ರ ಎಂಬ ಹುಡುಗ ಹುಟ್ಟಿದ. ಮುಂದೆ ಕುಮಾರ ಗಂಧರ್ವ ಅನ್ನಿಸಿಕೊಂಡವರು ಅವರೇ, ಬೆಳಗಾವಿಯ ರಂಗಮಂದಿರಕ್ಕೆ ಇರುವುದು ಅವರದೇ ಹೆಸರು. ಅದೇ ವರ್ಷ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷರಾದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಅಲ್ಲಿ ಸ್ವಾಗತಗೀತೆ ಹಾಡಿದವರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ಲರೂ ಇದ್ದರು.

“ಗಾಂಧೀಜಿ ಹೆಸರು ಗೊತ್ತೈತಿ, ಗಂಗೂಬಾಯಿ ಹೆಸರು ಗೊತ್ತೈತಿ. ಸಾಥಿಗೆ ಯಾರ ಕುಂತಿದ್ರು, ಹೇಳ್ರಿ ನೋಡೂಣು?”

ನಾನು ಮಳೆ ನೋಡುತ್ತಾ ಕೂತೆ.

ಅಷ್ಟರಲ್ಲಿ ಸತ್ಕಾರವೇ ಬಂದು ನನ್ನನ್ನು ಕಾಪಾಡಿತು. ಕನ್ನಡದ ಪದ್ಧತಿಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಮರಾಠಿಯಲ್ಲಿ ಶಾಲು, ಶ್ರೀಫಳ ಎಂದು ತೆಂಗಿನಕಾಯಿ, ಮೇಲೊಂದು ಫೇಟಾ. ಗಡಿ ಭಾಗದ ಕಾಲೇಜಿಗೆ ಯಾವ ಪಕ್ಷದವರನ್ನೂ ನೋಯಿಸುವ ಮನಸ್ಸಿಲ್ಲ, ಹಾಗಾಗಿ ಎಲ್ಲವೂ ಬಂದವು. ಫೇಟಾ ಸುತ್ತುವವನು ಬಹಳ ಚುರುಕು. ನನ್ನ ಕನ್ನಡಕವನ್ನೂ ಸೇರಿಸಿ ಸುತ್ತಿಬಿಟ್ಟ. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ತೆಂಗಿನಕಾಯಿ, ಕಂಕುಳಲ್ಲಿ ಗಾಜಿನ ಸ್ಮರಣಿಕೆ. ನಮಸ್ಕಾರ ಮಾಡಲು ಕೈಯೇ ಉಳಿಯಲಿಲ್ಲ. ಕುಂಬಾರಿಕೆಗೆ ಹೆಸರಾದ ಖಾನಾಪುರದಲ್ಲಿ ಒಂದು ಮಣ್ಣಿನ ಕುಡಿಕೆ ಕೊಟ್ಟಿದ್ದರೆ ಮೊಸರಿಗಾದರೂ ಆಗುತ್ತಿತ್ತು. ಆದರೆ ಸ್ಮರಣಿಕೆ ಎಂದರೆ ಯಾವ ಉಪಯೋಗಕ್ಕೂ ಬಾರದ್ದಾಗಿರಬೇಕು ಎಂಬ ಶಾಸ್ತ್ರವನ್ನು ಯಾರೋ ಮಾಡಿಟ್ಟಿದ್ದಾರೆ.

“ಸರ, ಫೋಟೊ!” ಎಂದು ಪ್ರಿನ್ಸಿಪಾಲರು ಕೂಗಿದರು. ಫೋಟೊ ತೆಗೆಯಬೇಕಾದವನು ನಾನೇ ಎಂಬುದು ಎಲ್ಲರಿಗೂ ಒಮ್ಮೆಲೇ ಹೊಳೆಯಿತು. ಬಿ.ಎ. ಓದುವ ಹುಡುಗನೊಬ್ಬ ನನ್ನ ಕ್ಯಾಮೆರಾ ತಗೊಂಡು ಕ್ಲಿಕ್ಕಿಸಿದ. ಅದರಲ್ಲಿ ಪ್ರಿನ್ಸಿಪಾಲರು ಸ್ಪಷ್ಟವಾಗಿದ್ದಾರೆ, ಮುಖ್ಯ ಅತಿಥಿಗಳೂ ಸ್ಪಷ್ಟ, ಒಂದು ಫೇಟಾದ ಕೆಳಗೆ ನನ್ನ ಮೂಗಿದೆ, ಹಣ್ಣಿನ ಬುಟ್ಟಿಯ ಹಿಂದೆ ಮಾಸ್ತರರಿದ್ದಾರೆ.

ಹೊರಡುವಾಗ ಮಳೆ ಇನ್ನೂ ಜೋರಾಗಿತ್ತು. ಮಾಸ್ತರರು ತಮ್ಮ ಶಾಲನ್ನು ಬಿಚ್ಚಿ ಪೇಟಿಗೆ ಹೊದಿಸಿ ಅದರ ಮೇಲೆ ಪ್ಲಾಸ್ಟಿಕ್ ಸುತ್ತಿದರು. ತೇವ ತಗಲಿದರೆ ಮತ್ತೆ ಕುಂಯ್ ಅನ್ನುತ್ತದಂತೆ. ಬರುವಾಗ ಒಂದು ಪೇಟಿ ಹೊತ್ತಿದ್ದ ನಾವು, ಹೋಗುವಾಗ ಒಂದು ಪೇಟಿ, ಎರಡು ಬುಟ್ಟಿ, ಎರಡು ತೆಂಗಿನಕಾಯಿ, ಎರಡು ಗಾಜಿನ ಚೌಕಟ್ಟು ಹೊತ್ತೆವು. ನನ್ನ ಛತ್ರಿ ಅಲ್ಲೇ ಉಳಿಯಿತು.

ರಾತ್ರಿ ಕಿಟಕಿಯ ಹತ್ತಿರ ಸಿಗ್ನಲ್ ಹಿಡಿದು ಕೂತು ವರದಿ ಬರೆದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಮೊದಲ ಸಾಲು ಬದಲಾಯಿಸಿದೆ. ಮಾಸ್ತರರ ಹೆಸರು, ಊರು, ಅವರು ಐದು ಕಂಠಗಳನ್ನು ಒಂದು ಮಾಡಿದ್ದು, ಎಲ್ಲ ಬರೆದೆ. ನನ್ನ ಬಗ್ಗೆಯೂ ಅರ್ಧ ಸಾಲು ಸೇರಿಸಿದೆ, ಪ್ರಥಮ ಪುರುಷದಲ್ಲಿ, ಯಾರೋ ಬೇರೆಯವನೆಂಬಂತೆ. ಬರೆಯುವಾಗ ನಾಚಿಕೆ ಆಯಿತು. ಆದರೆ ಹೊಡೆದುಹಾಕುವಷ್ಟು ಆಗಲಿಲ್ಲ.

ಮರುದಿನ ಪತ್ರಿಕೆಯಲ್ಲಿ ಸುದ್ದಿ ಬಂದಿತ್ತು. ಒಳಪುಟದ ಕೆಳಗಡೆ, ರಸಗೊಬ್ಬರದ ಜಾಹೀರಾತು ಬಿಟ್ಟುಕೊಟ್ಟಷ್ಟು ಜಾಗದಲ್ಲಿ. ಪ್ರಾರ್ಥನೆಯೊಂದಿಗೆ ಕಾರ್ಯಕ್ರಮ ಆರಂಭವಾಯಿತು. ಪ್ರಿನ್ಸಿಪಾಲರು ಸ್ವಾಗತಿಸಿದರು. ಇದೇ ಸಂದರ್ಭದಲ್ಲಿ ಮಾಧ್ಯಮ ಹಾಗೂ ಸಂಗೀತ ಕ್ಷೇತ್ರದ ಸಾಧಕರನ್ನು ಸನ್ಮಾನಿಸಲಾಯಿತು. ವಂದಿಸಿದವನ ಹೆಸರು ಇನಿಶಿಯಲ್ ಸಮೇತ ಇತ್ತು.

ಏಳೂವರೆಗೆ ಮಾಸ್ತರರ ಫೋನು. “ಬಾತ್ಮೀದಾರ್‍ರ, ನಿಮ್ಮ ಹೆಸರೂ ಬಂದಿಲ್ಲಲ್ರೀ?”

“ಇಲ್ರೀ ಮಾಸ್ತರ್‍ರ.”

“ಹಂಗಾರ ನೀವೂ ಈಗ ಸಾಥಿನವರಾದ್ರಿ ಬಿಡ್ರಿ” ಅಂದು ಬಹಳ ಹೊತ್ತು ನಕ್ಕರು.

ಈ ಪ್ರಬಂಧದಲ್ಲಾದರೂ ಹೆಸರು ಹಾಕುತ್ತೇನೆ ಅಂದೆ. ಬೇಡವೇ ಬೇಡ ಅಂದರು. ಮೂವತ್ತು ವರ್ಷ ಪ್ರಾರ್ಥನೆ ಅಂತ ಇದ್ದವರು ಈಗ ಹೆಸರು ಬದಲಾಯಿಸಿದರೆ ಜನಕ್ಕೆ ಗುರುತು ಸಿಗುವುದಿಲ್ಲವಂತೆ. ಶನಿವಾರ ಲೋಂಡಾದಲ್ಲಿ ಇನ್ನೊಂದು ಸಮಾರಂಭವಿದೆ. ಸುದ್ದಿಗೆ ಬನ್ನಿ ಅಂತ ನನ್ನನ್ನು ಯಾರೂ ಕರೆದಿಲ್ಲ, ಪೇಟಿಯ ಒಂದು ಬದಿ ಹಿಡಿಯಲು ಮಾಸ್ತರರು ಕರೆದಿದ್ದಾರೆ. ಸ್ವಾಗತಗೀತೆ ಹತ್ತೂವರೆಗೆ.