ತಾರಸಿ ಬೀಜಾಂಕುರ ಮೀಮಾಂಸೆ

ಗ್ರಂಥಾವತರಣ

ಬೆಂಗಳೂರಿನ ತಾರಸಿಗಳ ಮೇಲೆ ಬೀಜ ಹಾಕಿ ಮೊಳಕೆಗೆ ಕಾಯುವವರು ಹೆಚ್ಚಿದ್ದಾರೆ, ಮೊಳಕೆಗಳು ಮಾತ್ರ ಅದೇ ಪ್ರಮಾಣದಲ್ಲಿ ಹೆಚ್ಚಿಲ್ಲ. ಆದಕಾರಣ ಈ ಶಾಸ್ತ್ರದ ಅಗತ್ಯ ಒದಗಿದೆ. ಹೊಸ ಶಾಸ್ತ್ರವೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಸುಮಾರು 1025ರಲ್ಲಿ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ತಾರಸಿಯ ಬೀಗದಕೈ ಕೊಡದಿದ್ದರೆ ಏನು ಮಾಡಬೇಕೆಂಬುದನ್ನು ಆ ಮಹನೀಯ ನಮ್ಮ ಪಾಲಿಗೆ ಬಿಟ್ಟುಹೋಗಿದ್ದಾನೆ.

ಅನುಬಂಧ ಚತುಷ್ಟಯ

ಅಧಿಕಾರಿ: ಹಾಲಿನ ಪ್ಯಾಕೆಟ್ಟು, ಎಳನೀರಿನ ಬುರುಡೆ, ಮೊಟ್ಟೆಯ ಟ್ರೇ ಇವನ್ನು ಎಸೆಯಲು ಹೋದಾಗ ಯಾರ ಕೈ ತಡೆಯುತ್ತದೋ ಅವರು. ವಿಷಯ: ಬೀಜ. ಸಂಬಂಧ: ಅಧಿಕಾರಿಯ ಕಡೆಯಿಂದ ವಾತ್ಸಲ್ಯ, ಬೀಜದ ಕಡೆಯಿಂದ ಔದಾಸೀನ್ಯ. ಪ್ರಯೋಜನ: ರಾಸಾಯನಿಕ ಸೋಕದ ಐದು ಮೆಣಸಿನಕಾಯಿ, ಮತ್ತು ಅವುಗಳ ಬಗ್ಗೆ ನೆಂಟರ ಮುಂದೆ ವರ್ಷವಿಡೀ ಮಾತಾಡುವ ಹಕ್ಕು.

ಪ್ರಮಾಣ ಪ್ರಕರಣ

ಬೀಜದ ಪೊಟ್ಟಣದ ಮೇಲಿನ ಬರಹ ಶಬ್ದಪ್ರಮಾಣ. ಕುಂಡದಲ್ಲಿ ಕಾಣುವುದು ಪ್ರತ್ಯಕ್ಷ. ಎರಡಕ್ಕೂ ವಿರೋಧ ಬಂದಾಗ ಪೊಟ್ಟಣದ ಹಿಂಬದಿ ನೋಡತಕ್ಕದ್ದು. ಅವಧಿ ಮುಗಿದ ದಿನಾಂಕ ಅಲ್ಲಿರುತ್ತದೆ. ಈರುಳ್ಳಿ ಬೀಜ ಒಂದೆರಡು ವರ್ಷದಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಇಸ್ರೇಲಿನ ಮಸಾದಾ ಕೋಟೆಯಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೋ 2005ರಲ್ಲಿ ಮೊಳೆತು ಗಿಡವಾಯಿತು. ಇದನ್ನು ದೃಷ್ಟಾಂತವಾಗಿಟ್ಟುಕೊಂಡು ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಈರುಳ್ಳಿ ಬೀಜ ಬಿತ್ತುವುದು ಅತಿವ್ಯಾಪ್ತಿ ದೋಷ. ಬೀಜಕ್ಕೆ ಗುಲಾಬಿ ಬಣ್ಣದ ಲೇಪವಿದ್ದರೆ ಅದು ಸಾಮಾನ್ಯವಾಗಿ ಶಿಲೀಂಧ್ರನಾಶಕದಲ್ಲಿ ಮಿಂದು ಬಂದದ್ದು. ಸಾವಯವ ವ್ರತ ಹಿಡಿದವರಿಗೆ ಅದು ವರ್ಜ್ಯ.

ಬೀಜಾಂಕುರ ನ್ಯಾಯ

ಬೀಜ ಮೊದಲೋ ಗಿಡ ಮೊದಲೋ ಎಂಬ ಪ್ರಶ್ನೆಯನ್ನು ಪೂರ್ವಾಚಾರ್ಯರು ಅನಾದಿಯೆಂದು ಹೇಳಿ ಕೈಬಿಟ್ಟರು. ಹೈಬ್ರಿಡ್ ಯುಗ ಇದನ್ನು ಬಗೆಹರಿಸಿದೆ: ಬೀಜಕ್ಕಿಂತ ಮೊದಲು ಅಂಗಡಿಯ ಬಿಲ್ಲು. ಎಫ್1 ಹೈಬ್ರಿಡ್ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ತಾಯಿಗಿಡದ ಗುಣಗಳು ಹಾಗೇ ಬರುವುದಿಲ್ಲ, ಮತ್ತೆ ಅಂಗಡಿಗೇ ಹೋಗಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಟೊಮೇಟೊಗಳಲ್ಲಿ ಅರ್ಕಾ ರಕ್ಷಕ್ ಮೂರು ರೋಗಗಳನ್ನು ತಡೆದುಕೊಳ್ಳುವ ಹೈಬ್ರಿಡ್, ಅರ್ಕಾ ವಿಕಾಸ್ ಹೈಬ್ರಿಡ್ ಅಲ್ಲದ ತಳಿ. ಬೀಜ ಉಳಿಸಿಕೊಳ್ಳುವ ಹಂಬಲವಿದ್ದವರಿಗೆ ಎರಡನೆಯದೇ ಹಿತ. ಉಡುಪಿಯ ಮಟ್ಟು ಗುಳ್ಳ ಬದನೆಯ ವಿಷಯದಲ್ಲಂತೂ ವಾದಕ್ಕೆ ಎಡೆಯೇ ಇಲ್ಲ. ಅದರ ಬೀಜವನ್ನು ಯತಿ ವಾದಿರಾಜರು ಕೊಟ್ಟರೆಂಬುದು ಐತಿಹ್ಯ. ಆದಕಾರಣ ಅಲ್ಲಿ ಬೀಜವೇ ಮೊದಲು, ಭೌಗೋಳಿಕ ಸೂಚಕ ಮಾನ್ಯತೆ ಬಂದದ್ದು ಆಮೇಲೆ.

ಪೂರ್ವಪಕ್ಷ ಖಂಡನೆ

ಒಂದು, ಆಳವಾದಿಗಳು. ಆಳಕ್ಕೆ ಹಾಕಿದಷ್ಟೂ ಬೇರು ಗಟ್ಟಿ ಎಂಬುದು ಇವರ ಮತ. ಹಾಗಲ್ಲ. ಬೀಜ ಎಷ್ಟು ದಪ್ಪವೋ ಅದರ ಎರಡು ಮೂರು ಪಟ್ಟು ಆಳ ಸಾಕು. ಟೊಮೇಟೊ, ಬದನೆಗೆ ಅರ್ಧ ಸೆಂಟಿಮೀಟರ್. ದಂಟಿನ ಬೀಜಕ್ಕೆ ಮೇಲೊಂದಿಷ್ಟು ಮಣ್ಣು ಉದುರಿಸಿದರಾಯಿತು. ಅದಕ್ಕಿಂತ ಆಳ ಹೋದ ಸಣ್ಣ ಬೀಜ ಒಡಲಲ್ಲಿದ್ದ ಬುತ್ತಿಯನ್ನೆಲ್ಲ ದಾರಿಯಲ್ಲೇ ಮುಗಿಸಿ ಬೆಳಕು ಕಾಣದೆ ಸಾಯುತ್ತದೆ.

ಎರಡು, ಜಲವಾದಿಗಳು. 'ನೀರಿದ್ದರೆ ಜೀವ, ಆದ್ದರಿಂದ ಹೆಚ್ಚು ನೀರಿದ್ದರೆ ಹೆಚ್ಚು ಜೀವ' ಎಂಬುದು ಇವರ ಅನುಮಾನವಾಕ್ಯ. ಇಲ್ಲಿ ಹೇತುವೇ ದುಷ್ಟ. ಬೀಜವೂ ಉಸಿರಾಡುತ್ತದೆ, ಕೆಸರಿನಲ್ಲಿ ಗಾಳಿ ಇಲ್ಲ. ಗಾಳಿ ಇಲ್ಲದಲ್ಲಿ ಪಿಥಿಯಂ ಎಂಬ ಸೂಕ್ಷ್ಮಜೀವಿ ಇದೆ. ಸಂಜೆ ನೆಟ್ಟಗೆ ನಿಂತಿದ್ದ ಸಸಿ ಬೆಳಿಗ್ಗೆ ಬುಡ ಕೊಳೆತು ಮಲಗಿದ್ದರೆ ಬಹುಮಟ್ಟಿಗೆ ಅದರದೇ ಕೈವಾಡ. ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಬೆರೆಸಿ, ಹಿಂಡಿದರೆ ಉಂಡೆ ಕಟ್ಟುವಷ್ಟು, ನೀರು ತೊಟ್ಟಿಕ್ಕದಷ್ಟು ತೇವ ಇರತಕ್ಕದ್ದು.

ಮೂರು, ಅಮೃತವಾದಿಗಳು. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಪ್ರಚುರಪಡಿಸಿದ, ಬಿತ್ತುವ ಮೊದಲು ಬೀಜಕ್ಕೆ ಸವರುವ ಬೀಜಾಮೃತಕ್ಕೆ 20 ಲೀಟರ್ ನೀರು, 5 ಕಿಲೋ ಸಗಣಿ, 5 ಲೀಟರ್ ಗಂಜಲ, 50 ಗ್ರಾಂ ಸುಣ್ಣ, ಒಂದು ಹಿಡಿ ಮಣ್ಣು. ಇದು 100 ಕಿಲೋ ಬೀಜಕ್ಕೆ. ತಾರಸಿಯವರ ಹತ್ತಿರ ಇರುವುದು 10 ಗ್ರಾಂ. ತ್ರೈರಾಶಿಕ ಹಾಕಿದರೆ 2 ಮಿಲಿಲೀಟರ್ ನೀರು, ಅರ್ಧ ಗ್ರಾಂ ಸಗಣಿ, ಅರ್ಧ ಮಿಲಿಲೀಟರ್ ಗಂಜಲ, 5 ಮಿಲಿಗ್ರಾಂ ಸುಣ್ಣ, ಮತ್ತು ಒಂದು ಹಿಡಿಯ ಹತ್ತು ಸಾವಿರದ ಒಂದು ಪಾಲು ಮಣ್ಣು. ಸುಣ್ಣ ತೂಗಿಸಲು ಅಕ್ಕಸಾಲಿಗನ ಬಳಿ, ಗಂಜಲ ಅಳೆಯಲು ಕಂಪೌಂಡರ್ ಬಳಿ ಹೋಗಬೇಕು; ಅರ್ಧ ಗ್ರಾಂ ಸಾಕೆಂದು ಹಸುವಿಗೆ ಹೇಳುವವರು ಯಾರು? ಆದ್ದರಿಂದ ಲೋಟದ ಲೆಕ್ಕದಲ್ಲಿ ನಾಲ್ಕು ಪಾಲು ನೀರಿಗೆ ಒಂದೊಂದು ಪಾಲು ಸಗಣಿ, ಗಂಜಲ, ಚಿಟಿಕೆ ಸುಣ್ಣ ಹಾಕಿ, ಬೀಜಕ್ಕೆ ಸವರಿ, ಉಳಿದದ್ದನ್ನು ಕುಂಡಗಳಿಗೆ ತೆಳ್ಳಗೆ ಮಾಡಿ ಸುರಿಯುವುದೇ ಶಿಷ್ಟಾಚಾರ.

ನಾಲ್ಕು, ಉತ್ಖನನವಾದಿಗಳು. ಅನುಯಾಯಿಗಳ ಸಂಖ್ಯೆಯಲ್ಲಿ ಇದೇ ದೊಡ್ಡ ಪಂಥ. ಮೊಳೆಯಿತೋ ಇಲ್ಲವೋ ಎಂದು ದಿನಾ ಬೆರಳಿನಿಂದ ಕೆದಕಿ ನೋಡುವುದು ಇವರ ನಿತ್ಯಕರ್ಮ. ಬೀಜದಿಂದ ಮೊದಲು ಹೊರಡುವುದು ಬೇರು. ಮೇಲೆ ಏನೂ ಕಾಣದಿರುವಾಗಲೇ ಕೆಳಗೆ ಕೆಲಸ ನಡೆದಿರುತ್ತದೆ. ಆ ಹೊತ್ತಿನಲ್ಲಿ ಕೆದಕಿದರೆ ಬೇರಿನ ತುದಿ ಮುರಿಯುತ್ತದೆ. ಮರುದಿನ ಕೆದಕಿ, 'ನೋಡಿ, ಬೀಜವೇ ಸರಿಯಿರಲಿಲ್ಲ' ಎಂದು ಸಿದ್ಧಪಡಿಸಬಹುದು. ಮೆಂತ್ಯಕ್ಕೆ ಎರಡು ಮೂರು ದಿನ, ಟೊಮೇಟೊಗೆ ಸುಮಾರು ಒಂದು ವಾರ, ಮೆಣಸಿಗೆ ಇನ್ನೂ ಹೆಚ್ಚು ಕಾಲ ಬೇಕು.

ಕೊತ್ತಂಬರಿ ಪ್ರಕರಣ

ಕೊತ್ತಂಬರಿ ಬೀಜವೆಂದು ನಾವು ಕರೆಯುವುದು ಕಾಯಿ. ಅದರೊಳಗೆ ಬೀಜಗಳು ಎರಡು. ಆದ್ದರಿಂದ ಹಲಗೆಯ ಮೇಲೆ ಮೆಲ್ಲಗೆ ಉಜ್ಜಿ ಇಬ್ಭಾಗ ಮಾಡಿ, ನೆನೆಹಾಕಿ ಬಿತ್ತತಕ್ಕದ್ದು. ಮೆಲ್ಲಗೆ ಎಂಬ ವಿಶೇಷಣವನ್ನು ಮರೆತವರಿಗೆ ಸಾರಿನ ಪುಡಿ ದಕ್ಕುತ್ತದೆ.

ಸಿದ್ಧಾಂತ

ಹೀಗೆ ಎಲ್ಲ ಮತಗಳೂ ಖಂಡಿತವಾಗಿರಲು, ತಿಪ್ಪೆಯಲ್ಲಿ ತಾನಾಗಿ ಹುಟ್ಟಿದ ಟೊಮೇಟೊ ಎದ್ದು ನಿಲ್ಲುತ್ತದೆ. ಅದಕ್ಕೆ ಯಾರೂ ನಕ್ಷತ್ರ ನೋಡಲಿಲ್ಲ, ಸುಣ್ಣ ತೂಗಲಿಲ್ಲ, ಕೆದಕಲಿಲ್ಲ. ತೇವ, ಗಾಳಿ, ಹದವಾದ ಬಿಸಿ ಮೂರೇ ಸಿಕ್ಕವು; ತಲೆಯೆತ್ತಿದ ಮೇಲೆ ಬಿಸಿಲು ಸಿಕ್ಕಿತು. ಆ ಬಿಸಿಲೂ ಮುಖ್ಯ. ಅಡುಗೆಮನೆಯ ಕಿಟಕಿಯಲ್ಲಿ ಸಾಕಿದ ಸಸಿ ಹತ್ತನೇ ತರಗತಿಯ ಹುಡುಗನ ಹಾಗೆ ಉದ್ದಕ್ಕೆ ಮಾತ್ರ ಬೆಳೆದು ಬಾಗುತ್ತದೆ. ಆದ್ದರಿಂದ ತಾರಸಿ ತೋಟದ ಮುಖ್ಯ ಪೀಡೆ ಇರುವೆಯಲ್ಲ, ಪಾರಿವಾಳವಲ್ಲ, ತೋಟಗಾರರೇ ಎಂದು ಸಿದ್ಧವಾಯಿತು. ಇರುವೆಗೆ ಅರಿಸಿನಪುಡಿ ಇದೆ, ಪಾರಿವಾಳಕ್ಕೆ ಬಲೆ ಇದೆ. ತೋಟಗಾರರನ್ನು ತಡೆಯುವ ಸಾವಯವ ಔಷಧಿ ಇನ್ನೂ ಬಂದಿಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ದಿನಕ್ಕೊಮ್ಮೆ ಪಾರಾಯಣ ಮಾಡಿದವರ ಬೀಜಗಳು ತಪ್ಪದೆ ಮೊಳೆಯುತ್ತವೆ. ಶ್ಲೋಕದ ಮಹಿಮೆಯೇನೂ ಇಲ್ಲ. ಓದುವಷ್ಟು ಹೊತ್ತು ಕೈ ಕುಂಡದಿಂದ ದೂರವಿರುತ್ತದೆ, ಅಷ್ಟೆ.