ಶಂಖವೂ ಚಿಪ್ಪೂ

ಪೈಂಕುನಿ ಮತ್ತು ಅಲ್ಪಶಿ ಉತ್ಸವಗಳ ಕಡೆಯ ದಿನ ಶ್ರೀ ಪದ್ಮನಾಭಸ್ವಾಮಿಯು ಆರಾಟ್ಟಿಗೆ, ಎಂದರೆ ಅವಭೃಥಸ್ನಾನಕ್ಕೆ, ಶಂಖುಮುಖದ ಕಡಲತೀರಕ್ಕೆ ಬಿಜಯಂಗೈಯುವ ಹಾದಿಯು ತಿರುವನಂತಪುರ ವಿಮಾನನಿಲ್ದಾಣದ ರನ್‌ವೇಯನ್ನು ಹಾಯ್ದೇ ಹೋಗುವುದರಿಂದ, ವರ್ಷಕ್ಕೆರಡು ಸಂಜೆ, ಸುಮಾರು ಐದು ಗಂಟೆಗಳ ಕಾಲ, ಲೋಹದ ಗರುಡಗಳೆಲ್ಲವೂ ನಿಜವಾದ ಗರುಡವಾಹನಕ್ಕೆ ದಾರಿಬಿಟ್ಟು ನಿಲ್ಲುತ್ತವೆ. ನಿಲ್ದಾಣ ಹುಟ್ಟಿದ್ದು 1932ರಲ್ಲಿ. ಸ್ವಾಮಿಯ ಹಾದಿ ಅದಕ್ಕಿಂತ ಹಳೆಯದು. ಈ ವ್ಯಾಜ್ಯದಲ್ಲಿ ವಕಾಲತ್ತು ಹಿಡಿಯುವ ಧೈರ್ಯ ಯಾವ ವಕೀಲನಿಗೂ ಬಂದಂತಿಲ್ಲ.

ಇದೆಲ್ಲ ನನಗೆ ತಿಳಿದದ್ದು, ಅಲ್ಪಶಿಯ ಆರಾಟ್ಟಿನ ದಿನವೇ ಬೆಂಗಳೂರಿಗೆ ಹಿಂದಿರುಗಲು ಸಂಜೆ ಐದರ ವಿಮಾನಕ್ಕೆ ಟಿಕೆಟ್ ಕೊಂಡ ಮೇಲೆ. ಪಂಚಾಂಗ ನೋಡದೆ ಮಾರಿದವರು ಅವರು, ನೋಡದೆ ಕೊಂಡವನು ನಾನು. ಹದಿನೈದು ದಿನ ಮೊದಲು ಸಂದೇಶ ಬಂತು: ವಿಮಾನ ರಾತ್ರಿ ಹತ್ತೂವರೆಗೆ. ನಡುರಾತ್ರಿ ದೇವನಹಳ್ಳಿಯ ಬಯಲಿನಲ್ಲಿಳಿದು ಮೈಸೂರಿನ ಬಸ್ಸಿಗೆ ಅಲೆಯುವ ವಯಸ್ಸು ನನ್ನದಲ್ಲವಾಗಿ, ದುಡ್ಡನ್ನು ಹಿಂದಿರುಗಿಸಿರೆಂದು ದೂರವಾಣಿಯಲ್ಲಿ ಬಿನ್ನವಿಸಿಕೊಂಡೆನು.

"ಖಂಡಿತ ಸರ್, ಕ್ರೆಡಿಟ್ ಶೆಲ್‌ಗೆ ಹಾಕಿದ್ದೇವೆ" ಎಂದಳು ಆ ತಾಯಿ.

ಶೆಲ್ ಎಂದರೆ ಶಂಖವೆಂದು ಮೊದಲು ಹಿಗ್ಗಿದೆನು. ಊರು ಶಂಖಚಕ್ರಧರನದು, ಶಂಖದಿಂದ ಬಂದರೇ ತೀರ್ಥವೆಂಬ ಗಾದೆ ನಮ್ಮದು. ಆಮೇಲೆ ಹೊಳೆಯಿತು, ಶೆಲ್ಲಿಗೆ ಚಿಪ್ಪೆಂಬ ಅರ್ಥವೂ ಉಂಟು! ತೆಂಗಿನ ನಾಡಿಗೆ ಬಂದವನ ಕೈಗೆ ಅದನ್ನಲ್ಲದೆ ಮತ್ತೇನು ಕೊಟ್ಟಾರು? ಅದರೊಳಗಿನ ಹಣವೂ ಅವರ ವಿಮಾನವನ್ನೇ ಇನ್ನೊಮ್ಮೆ ಏರಿದವನಿಗೆ ಮಾತ್ರ.

ಕೊಚ್ಚಿಯಲ್ಲಿ ನೆಲಸಿರುವ ಕಾಸರಗೋಡಿನ ಗೆಳೆಯನಲ್ಲಿ ಗೋಳು ತೋಡಿಕೊಂಡೆನು. "ಎಂತ ಮಾರಾಯಾ, ಐದು ಗಂಟೆಗೆ ಇಷ್ಟು ಸಂಕಟವಾ? 2018ರ ಆಗಸ್ಟಿನಲ್ಲಿ ಪೆರಿಯಾರ್ ಹೊಳೆ ನಮ್ಮ ನೆಡುಂಬಾಶ್ಶೇರಿ ನಿಲ್ದಾಣಕ್ಕೇ ನುಗ್ಗಿತು. 15ಕ್ಕೆ ಮುಚ್ಚಿದ್ದು, ತೆರೆದದ್ದು 29ಕ್ಕೆ!" ಎಂದು, ನೆರೆಯನ್ನೂ ಊರಿನ ಹೆಮ್ಮೆಯಾಗಿ ಬಣ್ಣಿಸಿದ ಬಳಿಕ, ಉಪಕಾರದ ಮಾತೊಂದನ್ನು ಹೇಳಿದನು: ಹಣವನ್ನು ಶೆಲ್ಲಿನಲ್ಲಿರಿಸುವುದು ಪ್ರಯಾಣಿಕನ ಇಚ್ಛೆಯೇ ಹೊರತು ಕಂಪೆನಿಯ ವಾಡಿಕೆಯಾಗಕೂಡದೆಂದೂ, ಕ್ರೆಡಿಟ್ ಕಾರ್ಡಿನಿಂದ ಕೊಟ್ಟದ್ದು ಏಳು ದಿನಗಳೊಳಗೆ ಮರಳಬೇಕೆಂದೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ ವಿಧಿಸಿದೆ.

ಆ ವಿಧಿಯನ್ನು ವೇದವಾಕ್ಯದಂತೆ ಮೂರು ಬಾರಿ ಉಚ್ಚರಿಸಿದ ಮೇಲೆ ಹಣ ಬಂತು, ಕನ್ವೀನಿಯನ್ಸ್ ಫೀ ಒಂದನ್ನುಳಿದು. ಅನುಕೂಲವನ್ನು ಹಿಂದಕ್ಕೆ ಪಡೆದವರು ಅನುಕೂಲದ ಶುಲ್ಕವನ್ನು ಮಾತ್ರ ಭದ್ರವಾಗಿ ಇಟ್ಟುಕೊಂಡರು.

ಆರಾಟ್ಟಿನ ದಿನ ಬೆಳಗಿನ ರೈಲಿನಲ್ಲಿ ಕೊಚ್ಚಿಗೆ ಹೋಗಿ ಅಲ್ಲಿಂದಲೇ ಹಾರುವುದೆಂದು ನಿಶ್ಚಯಿಸಿದೆನು. ಟಿಕೆಟ್ ಕೊಂಡದ್ದು ಮಾತ್ರ, ಪೆರಿಯಾರಿನಲ್ಲಿ ನೀರು ಎಷ್ಟಿದೆಯೆಂದು ಗೆಳೆಯನನ್ನು ವಿಚಾರಿಸಿದ ಮೇಲೆ.